ಒಂದೂವರೆ ರೂಪಾಯಿಯ ಲೋಕಹಿತ

ಕನ್ನಡ ವಿಮರ್ಶೆ ಬಳಸಿ ಬಳಸಿ ಸವೆಸಿರುವ ಜೋಡಿಪದಗಳಲ್ಲಿ ‘ವ್ಯಕ್ತಿ–ಸಮಷ್ಟಿ’ ಎಂಬುದೂ ಒಂದು. ನವೋದಯದವರು ವ್ಯಕ್ತಿ ಸಮಷ್ಟಿಯಲ್ಲಿ ಕರಗಲಿ ಎಂದು ಹಾರೈಸಿದರು. ನವ್ಯದವರು ಸಮಷ್ಟಿ ವ್ಯಕ್ತಿಯನ್ನು ನುಂಗಿಬಿಡುತ್ತದೆ ಅಂತ ಹೆದರಿದರು. ಬಂಡಾಯದ ದಿನಗಳಲ್ಲಿ ಸ್ವಾರ್ಥ ಬಿಟ್ಟು ಬೀದಿಗೆ ಬನ್ನಿ ಎಂಬ ಕರೆ ಬಂತು. ಈ ಮೂರೂ ಮಾತುಗಳ ಅಡಿಯಲ್ಲಿ ಒಂದು ನಂಬಿಕೆ ಮಾತ್ರ ಅಲುಗಾಡದೆ ಕೂತಿತ್ತು. ಸ್ವಂತದ ಲಾಭ ಸಣ್ಣದು, ಎಲ್ಲರ ಹಿತ ದೊಡ್ಡದು ಎನ್ನುವ ನಂಬಿಕೆ ಅದು. ಆ ‘ಎಲ್ಲರು’ ಯಾರು, ಅವರ ಲೆಕ್ಕ ಬರೆದವರು ಯಾರು, ಆ ಲೆಕ್ಕದಲ್ಲಿ ಕೇರಿಯ ಹೆಸರು ಜಮೆಯ ಕಡೆ ಬಂತೋ ಖರ್ಚಿನ ಕಡೆ ಬಂತೋ ಎಂದು ಕೇಳಿದವರು ಕಡಿಮೆ.

ಕೇಳಿದವರು ಅಂಬೇಡ್ಕರ್. 1936ರ ‘ಜಾತಿ ವಿನಾಶ’ದಲ್ಲಿ ಅವರು ಜಾತಿಯ ಮೇಲೆ ಹೊರಿಸುವ ಆರೋಪಗಳಲ್ಲಿ ಇದೂ ಒಂದು: ಜಾತಿ ಈ ದೇಶದ ಸಾರ್ವಜನಿಕ ಮನೋಭಾವವನ್ನೇ ಕೊಂದಿದೆ, ಹಿಂದೂವಿಗೆ ‘ಸಾರ್ವಜನಿಕರು’ ಅಂದರೆ ತನ್ನ ಜಾತಿಯವರೇ, ಅವನ ಹೊಣೆಗಾರಿಕೆಯೂ ಅಲ್ಲಿಗೇ ಮುಗಿಯುತ್ತದೆ. ಇದನ್ನು ನಾವು ಸಮಾಜಶಾಸ್ತ್ರದ ಮಾತು ಎಂದು ಓದಿ ಪುಸ್ತಕ ಮುಚ್ಚಿಟ್ಟಿದ್ದೇವೆ. ವಿಮರ್ಶಕನ ಕೈಗೆ ಇದು ಓದುವ ಹತ್ಯಾರವಾಗಬೇಕಿತ್ತು. ಯಾವುದೇ ಕೃತಿ, ಕಾಯ್ದೆ, ಭಾಷಣದಲ್ಲಿ ‘ಲೋಕಹಿತ’ ಎಂಬ ಶಬ್ದ ಕಂಡಾಗ, ಆ ಲೋಕಕ್ಕೆ ಎಷ್ಟು ಮನೆ ಇವೆ ಎಂದು ಎಣಿಸಿ ನೋಡುವುದು ದಲಿತ ವಿಮರ್ಶೆಯ ಮೊದಲ ಕೆಲಸ ಅಂತ ನಾನು ತಿಳಿದಿದ್ದೇನೆ.

ಎಣಿಕೆಗೆ ನಾನು ಆರಿಸಿಕೊಂಡಿರುವುದು ಉತ್ತರ ಕನ್ನಡದ ನಾಲ್ಕು ತಾಲೂಕು. ಹಳಿಯಾಳ, ಈಚಿನ ವರ್ಷಗಳಲ್ಲಿ ಅದರಿಂದ ಬೇರ್ಪಟ್ಟ ದಾಂಡೇಲಿ, ಸೂಪಾ ಎಂಬ ಹೆಸರನ್ನು ನೀರಿಗೆ ಕೊಟ್ಟ ಜೋಯಿಡಾ, ಮತ್ತು ಮುಂಡಗೋಡ. ಸಾಹಿತ್ಯ ವಿಮರ್ಶೆಯಲ್ಲಿ ತಾಲೂಕಿಗೇನು ಕೆಲಸ ಅಂತ ಕೇಳುವ ಗೆಳೆಯರಿದ್ದಾರೆ. ಇರಲಿ. ಲೋಕಹಿತವು ಇಷ್ಟೊಂದು ವೇಷ ಹಾಕಿ, ಇಷ್ಟೊಂದು ಸಲ ಬಂದುಹೋದ ನೆಲ ಕರ್ನಾಟಕದಲ್ಲಿ ಹೆಚ್ಚಿಲ್ಲ. ಒಮ್ಮೆ ಕಾಗದದ ಗಿರಣಿಯಾಗಿ ಬಂತು, ಒಮ್ಮೆ ಅಣೆಕಟ್ಟಾಗಿ, ಒಮ್ಮೆ ಹುಲಿಯಾಗಿ. ಪ್ರತಿ ಸಲವೂ ಅಲ್ಲಿದ್ದ ಬಡವನ ಗಳಿಕೆಯನ್ನು ‘ಸ್ವಾರ್ಥ’ ಎಂದು ಕರೆದೇ ಬಂತು.

ಮೊದಲು ಬಿದಿರು. ದಾಂಡೇಲಿಯ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ಕಂಪನಿ ಹುಟ್ಟಿದ್ದು 1955ರಲ್ಲಿ, ಕಾಗದ ತೆಗೆಯಲು ಸುರುಮಾಡಿದ್ದು 1959ರಲ್ಲಿ. ಗಿರಣಿ ಬರಲಿ ಅಂತ ಸರಕಾರ ಈ ಜಿಲ್ಲೆಯ ಕಾಡಿನ ಬಿದಿರನ್ನು ಅದಕ್ಕೆ ಬರೆದುಕೊಟ್ಟಿತು. ದರ ಟನ್ನಿಗೆ ಒಂದೂವರೆ ರೂಪಾಯಿ. ಈ ಅಂಕಿಯನ್ನು ಮುಂದೆ ಲೋಕಕ್ಕೆಲ್ಲ ಗೊತ್ತುಮಾಡಿದವರು ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು. ಪೇಟೆಯಲ್ಲಿ ಬುಟ್ಟಿ ಹೆಣೆಯುವವನು ಅದೇ ಬಿದಿರಿಗೆ ಕೊಡಬೇಕಾಗಿದ್ದ ಬೆಲೆ ಟನ್ನಿಗೆ ಸಾವಿರಗಳ ಲೆಕ್ಕದ್ದು ಎಂದೂ ಅವರು ಬರೆದಿದ್ದಾರೆ. ಮೇದಾರ ಬಿದಿರಿನಿಂದ ಮಾಡುವುದು ಬುಟ್ಟಿ, ಮೊರ, ತಟ್ಟಿ, ಭತ್ತ ತುಂಬುವ ಕಣಜ. ಒಂದು ಗಳದಲ್ಲಿ ಅವನ ಮನೆಯ ಎರಡು ದಿನದ ಗಂಜಿ ಇದೆ. ಆ ಗಳಕ್ಕೆ ಅವನು ಪೂರ್ತಿ ದುಡ್ಡು ಕೊಡಬೇಕು, ಇಲ್ಲವೆ ಕದ್ದು ತರಬೇಕು. ಗಿರಣಿಯ ಮಾಲು ‘ರಾಷ್ಟ್ರದ ಅಗತ್ಯ’, ಇವನದು ‘ಹೊಟ್ಟೆಪಾಡು’. ಈ ಎರಡು ಶಬ್ದಗಳ ನಡುವಿನ ಅಂತರವೇ ಆ ಒಂದೂವರೆ ರೂಪಾಯಿ.

ಕತೆ ಇಲ್ಲಿಗೆ ಮುಗಿಯುವುದಿಲ್ಲ. 1970ರ ದಶಕದ ನಡುವಿನ ಹೊತ್ತಿಗೆ ಬಿದಿರು ಕಡಿಮೆಯಾಗುತ್ತ ಬಂತು. ಬುಟ್ಟಿ ಹೆಣೆಯುವವರು ಸರಕಾರದ ಮುಂದೆ ಗೋಳು ಹೇಳಿಕೊಂಡರು. ಅರಣ್ಯ ಇಲಾಖೆಯವರ ಉತ್ತರ ಸಿದ್ಧವಿತ್ತು: ಹಳ್ಳಿಯವರು ದನ ಬಿಟ್ಟು ಮೇಯಿಸುತ್ತಾರೆ, ಕಳಲೆ ಮುರಿಯುತ್ತಾರೆ, ಅದಕ್ಕೇ ಬಿದಿರು ಹಾಳಾಗಿದೆ. ಗಾಡ್ಗೀಳರು ಮತ್ತು ಜೊತೆಗಾರರು ಕಾಡಿಗೆ ಹೋಗಿ ನೋಡಿದಾಗ ಸಿಕ್ಕಿದ್ದು ಬೇರೆಯೇ. ಬಿದಿರ ಮೆಳೆಯ ಬುಡದಲ್ಲಿ ಮುಳ್ಳಿನ ಹೆಣಿಗೆ ಇರುತ್ತದೆ. ಹೊಸ ಕಳಲೆಗೆ ಅದೇ ಬೇಲಿ. ಮೆಳೆ ಚೆನ್ನಾಗಿ ಬೆಳೆಯಲಿ ಎಂಬ ಹೆಸರಿನಲ್ಲಿ ಆ ಮುಳ್ಳನ್ನು ಸವರಿ ತೆಗೆಸಲಾಗುತ್ತಿತ್ತು. ಕಡಿಯುವವರಿಗೆ ಅನುಕೂಲ ಅನ್ನುವುದು ಬೇರೆ. ಬೇಲಿ ಹೋದ ಮೇಲೆ ಕಳಲೆಗೆ ದನ, ಮಂಗ, ಮುಳ್ಳುಹಂದಿ ಎಲ್ಲ ಬಾಯಿ ಹಾಕಿದವು. ಮುಳ್ಳು ತೆಗೆಯಬೇಡಿ ಎನ್ನುವುದು ಕಾಡಿನಂಚಿನ ಜನಕ್ಕೆ ಮೊದಲೇ ಗೊತ್ತಿದ್ದ ಸಂಗತಿ. ಅವರ ತಿಳಿವಳಿಕೆಯನ್ನು ಯಾರೂ ಕೇಳಿರಲಿಲ್ಲ, ಯಾಕಂದ್ರೆ ಅವರು ‘ಸ್ವಾರ್ಥಿಗಳು’. ಬಿದಿರು ಸಾಲದೆ ಬಂದ ಹಾಗೆ ಗಿರಣಿ ದೂರದ ಕಾಡುಗಳ ಕಡೆಗೆ, ಆಮೇಲೆ ನೀಲಗಿರಿ ಮರದ ಕಡೆಗೆ ಹೊರಳಿತು. ಮೇದಾರ ಎಲ್ಲಿಗೆ ಹೊರಳಬೇಕು?

ಇಲ್ಲಿ ನನಗೆ ವಚನಕಾರರು ನೆನಪಾಗುತ್ತಾರೆ. ಲಾಭ ಮತ್ತು ಹಿತದ ನಡುವಿನ ಜಗಳಕ್ಕೆ ಕನ್ನಡ ತಾನೇ ಕಂಡುಕೊಂಡ ಮಾತು ‘ಕಾಯಕ–ದಾಸೋಹ’. ಆ ಮಾತನ್ನು ಬದುಕಿದವರಲ್ಲಿ ಮೇದರ ಕೇತಯ್ಯ ಒಬ್ಬ. ಬಿದಿರು ಕಡಿದು, ಬುಟ್ಟಿ ಮೊರ ಹೆಣೆದು ದಾಸೋಹ ನಡೆಸಿದವನು. ಬಿದಿರು ಎದೆಗೆ ನಾಟಿ ಸತ್ತನೆಂದು ಕತೆ ಹೇಳುತ್ತದೆ. ಇನ್ನೊಬ್ಬ ಆಯ್ದಕ್ಕಿ ಮಾರಯ್ಯ. ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯುವುದು ಅವನ ಕಾಯಕ. ಒಂದು ದಿನ ಬೇಕಾದ್ದಕ್ಕಿಂತ ಹೆಚ್ಚು ತಂದ, ಹೆಂಡತಿ ಲಕ್ಕಮ್ಮ ಅದನ್ನು ಅಲ್ಲಿಯೇ ಹೋಗಿ ಸುರಿದು ಬಾ ಎಂದಳು. ಶಾಲೆಯ ಪಠ್ಯದಿಂದ ಮಠದ ಪ್ರವಚನದ ತನಕ ಈ ಕತೆಯನ್ನು ಅಪರಿಗ್ರಹದ ಪಾಠವಾಗಿ ಹೇಳುತ್ತಾರೆ. ಬಡವನೇ, ಹೆಚ್ಚು ಆಸೆಪಡಬೇಡ ಅಂತ. ಹೇಳುವವರು ಯಾರು ನೋಡಿ. ಕಣಜ ತುಂಬಿದವರು. ಚೆಲ್ಲುವಷ್ಟು ಅಕ್ಕಿ ಯಾವ ಅಂಗಳದಲ್ಲಿತ್ತು, ಆ ಅಂಗಳದ ಒಡೆಯರಿಗೆ ಬೇಕಾದ್ದೆಷ್ಟು ಎಂಬ ಪ್ರಶ್ನೆ ಅವರ ಪ್ರವಚನದಲ್ಲಿ ಬರುವುದಿಲ್ಲ.

ಲಕ್ಕಮ್ಮನನ್ನು ನಾವು ಬೇರೆ ಥರ ಓದಬಹುದು. ಆಕೆ ಗಂಡನಿಗೆ ಆಸೆ ಬಿಡು ಅಂದಿದ್ದಲ್ಲ. ಹೆಚ್ಚಿನ ಅಕ್ಕಿ ಒಳಗೆ ಬಂದರೆ ಕೊಟ್ಟವರ ಹಂಗೂ ಒಳಗೆ ಬರುತ್ತದೆ ಎಂದು ಆಕೆಗೆ ಗೊತ್ತಿತ್ತು. ಅದು ತ್ಯಾಗವಲ್ಲ, ಸ್ವಾಭಿಮಾನ. ಡಿ.ಆರ್. ನಾಗರಾಜ್ 1993ರ ತಮ್ಮ ಇಂಗ್ಲಿಷ್ ಪುಸ್ತಕದಲ್ಲಿ ಗಾಂಧಿಯ ಆತ್ಮಶುದ್ಧಿ ಮತ್ತು ಅಂಬೇಡ್ಕರರ ಆತ್ಮಗೌರವವನ್ನು ಎದುರು ಬದುರು ಕೂರಿಸಿ ಚರ್ಚಿಸಿದರು. ಆ ಚರ್ಚೆಯ ಒಂದು ತುದಿ ಹನ್ನೆರಡನೆಯ ಶತಮಾನದ ಈ ಗುಡಿಸಲಲ್ಲೂ ಇದೆ ಅನ್ನಿಸುತ್ತದೆ. ತ್ಯಾಗ ಎನ್ನುವುದು ಇದ್ದವನ ಶಬ್ದ. ಇಲ್ಲದವನ ಮೇಲೆ ಅದನ್ನು ಹೇರಿದರೆ ಅದು ಇನ್ನೊಂದು ಬಗೆಯ ಸುಲಿಗೆ.

ಈಗ ನೀರು. ಕಾಳಿ ನದಿಗೆ ಗಣೇಶಗುಡಿಯ ಹತ್ತಿರ ಸೂಪಾ ಅಣೆಕಟ್ಟು ಎದ್ದಿತು, ಎತ್ತರ 101 ಮೀಟರು. ತಾಲೂಕಿನ ಊರಾಗಿದ್ದ ಸೂಪಾ ಮುಳುಗಿತು. ಕಚೇರಿಗಳು ಜೋಯಿಡಾಕ್ಕೆ ಹೋದವು, ಮುಳುಗಡೆಯವರಲ್ಲಿ ಬಹಳ ಮಂದಿ ರಾಮನಗರಕ್ಕೆ ಹೋದರು. ನಾಗಝರಿ, ಕೊಡಸಳ್ಳಿ, ಕದ್ರಾ ಎಂದು ಕಾಳಿಯುದ್ದಕ್ಕೂ ವಿದ್ಯುತ್ತಿನ ಮನೆಗಳಾದವು. ನಾಡಿಗೆ ಬೆಳಕು ಬಂದದ್ದು ಸುಳ್ಳಲ್ಲ. ಅಣೆಕಟ್ಟಿನ ಹಿನ್ನೀರಿನ ಸುತ್ತಲ ಜೋಯಿಡಾದ ಹಳ್ಳಿಗಳು ಮಾತ್ರ ಎಷ್ಟೋ ವರ್ಷ ಚಿಮಣಿ ಬುಡ್ಡಿಯಲ್ಲೇ ಕಾಲ ಕಳೆದವು.

ಮುಳುಗಡೆಯ ಬಗ್ಗೆ ಕನ್ನಡದಲ್ಲಿ ಮನಸ್ಸಿಟ್ಟು ಬರೆದವರು ನಾ. ಡಿಸೋಜಾ. ಶರಾವತಿಯ ಮುಳುಗಡೆ ಅವರ ವಸ್ತು, ‘ದ್ವೀಪ’ ಅದರಲ್ಲಿ ಹೆಸರಾದದ್ದು. 2002ರಲ್ಲಿ ಗಿರೀಶ ಕಾಸರವಳ್ಳಿ ಅದನ್ನು ಸಿನಿಮಾ ಮಾಡಿದರು. ಗಣಪಯ್ಯ ಮತ್ತು ನಾಗವೇಣಿ ಏರುವ ನೀರಿನ ನಡುವೆ ತಮ್ಮ ಮನೆ, ತೋಟ ಹಿಡಿದು ಕೂರುವ ಕತೆ ಅದು. ಡಿಸೋಜಾರ ಕಳಕಳಿ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೂ ಈ ಕಾದಂಬರಿ ಓದುವಾಗ ಒಂದು ಸಂಗತಿ ಗಮನಿಸಬೇಕು. ದುಃಖ ಕಾದಂಬರಿಯಾಗಲು ಕಳೆದುಕೊಳ್ಳಲಿಕ್ಕೆ ಏನಾದರೂ ಇರಬೇಕು, ಅದಕ್ಕೆ ಉತಾರ ಇರಬೇಕು. ಗಣಪಯ್ಯನ ‘ಸ್ವಂತ’ದ ಮೇಲೆ ಪ್ರಭುತ್ವದ ‘ಲೋಕಹಿತ’ ಬಿದ್ದಾಗ ನಮಗೆ ದುರಂತ ಕಾಣುತ್ತದೆ. ಗಣಪಯ್ಯನಂಥವರ ತೋಟದಲ್ಲಿ ಕೂಲಿ ಮಾಡಿದವನ ಮೇಲೆ ಅದೇ ನೀರು ಏರಿದಾಗ ದಾಖಲೆಯಲ್ಲಿ ಏನೂ ಮುಳುಗುವುದಿಲ್ಲ. 1894ರ ಭೂಸ್ವಾಧೀನ ಕಾಯ್ದೆ ‘ಸಾರ್ವಜನಿಕ ಉದ್ದೇಶ’ಕ್ಕಾಗಿ ಭೂಮಿ ತೆಗೆದುಕೊಂಡರೆ ಪರಿಹಾರ ಕೊಡುತ್ತಿದ್ದದ್ದು ಹಕ್ಕಿದ್ದವನಿಗೆ. ಮಾಲ್ಕಿ ಇಲ್ಲದ ಕೂಲಿಯವನ ಜೀವನೋಪಾಯ ಹೋಗುವುದೂ ಒಂದು ನಷ್ಟ ಎಂದು ಕಾಯ್ದೆ ಒಪ್ಪಿಕೊಳ್ಳಲು 2013ರ ತನಕ ಕಾಯಬೇಕಾಯಿತು. ಕಾದಂಬರಿಯ ಕಣ್ಣೂ ಕಾಯ್ದೆಯ ಕಣ್ಣೂ ಒಂದೇ ಕಡೆ ನೋಡಿದ್ದು ಆಕಸ್ಮಿಕವಲ್ಲ. ಜೋಯಿಡಾದ ಕುಮರಿಯವರು ಕಾಡು ಸವರಿ ರಾಗಿ ಬಿತ್ತುತ್ತಿದ್ದವರು. ಬ್ರಿಟಿಷರು ಅದನ್ನು ಕಾಡಿನ ನಾಶ ಅಂತ 19ನೇ ಶತಮಾನದಲ್ಲೇ ಕಟ್ಟಿಹಾಕಿ, ತಮ್ಮ ತೇಗದ ಮರಗಳನ್ನು ರಕ್ಷಿಸಿಕೊಂಡರು. ಅಂಥವರ ಬೇಸಾಯಕ್ಕೆ ಉತಾರ ಎಲ್ಲಿಂದ ಬರಬೇಕು?

ಸ್ವಂತದ ಆಸೆ ಒಬ್ಬ ಹೊಲೆಯನಿಗೆ ಬಂದರೆ ಏನಾಗುತ್ತದೆ ಎಂಬುದನ್ನು 1933ರಷ್ಟು ಹಿಂದೆಯೇ ಬರೆದಿಟ್ಟದ್ದು ಕಾರಂತರ ‘ಚೋಮನ ದುಡಿ’. ಚೋಮನಿಗೆ ಬೇಕಾಗಿದ್ದು ಒಂದು ತುಂಡು ಗದ್ದೆ. ಎತ್ತು ಅವನ ಹತ್ತಿರ ಇದ್ದವು. ಧಣಿ ಸಂಕಪ್ಪಯ್ಯನ ಮನಸ್ಸು ಒಂದು ಗಳಿಗೆ ಕರಗುತ್ತದೆ ಕೂಡ. ಅಡ್ಡ ಬರುವುದು ಮುದಿ ತಾಯಿ. ಆಕೆಯ ವಾದ ಲೋಭದ್ದಲ್ಲ, ಊರಿನ ಕಟ್ಟಳೆಯದು. ಹೊಲೆಯ ಬೇಸಾಯಗಾರನಾದರೆ ಊರು ಕೆಡುತ್ತದೆ. ಅಂದರೆ ಇಲ್ಲಿ ಭೂಮಿ ಇಟ್ಟುಕೊಂಡವರು ಸಮಷ್ಟಿಯ ಹೆಸರಿನಲ್ಲಿ ಮಾತಾಡುತ್ತಾರೆ, ಗದ್ದೆ ಕೇಳಿದ ಚೋಮ ‘ತನಗೆ’ ಕೇಳಿದವನಾಗುತ್ತಾನೆ. ಕಾರಂತರ ಅನುಕಂಪದ ಮಿತಿಯ ಬಗ್ಗೆ ನಮ್ಮವರು ಬಹಳ ಬರೆದಿದ್ದಾರೆ, ಸರಿಯಾಗಿಯೇ ಬರೆದಿದ್ದಾರೆ. ಚೋಮನ ಸಿಟ್ಟು ದುಡಿಯ ಬಡಿತದಲ್ಲೇ ಸುಟ್ಟುಹೋಗುತ್ತದೆ, ಇನ್ನೊಬ್ಬ ಚೋಮನ ಜೊತೆ ಸೇರುವುದಿಲ್ಲ. ಆದರೆ ಆ ಮುದುಕಿಯ ಬಾಯಲ್ಲಿ ಕಾರಂತರು ಇಟ್ಟ ವಾದ ಇವತ್ತಿಗೂ ಸರಕಾರಿ ಕಡತಗಳಲ್ಲಿ ಜೀವಂತವಿದೆ. ಹಳಿಯಾಳದ ಕಾಡಂಚಿನಲ್ಲಿ ಎರಡು ಎಕರೆ ಸಾಗು ಮಾಡಿದವನಿಗೆ ಇಲಾಖೆ ಇಟ್ಟ ಹೆಸರು ‘ಅತಿಕ್ರಮಣದಾರ’. ಎಷ್ಟು ದೊಡ್ಡ ಶಬ್ದ ನೋಡಿ, ಅಶೋಕನ ಮೇಲೆ ದಂಡೆತ್ತಿ ಹೋದವನ ಹಾಗೆ.

ಭೂಸುಧಾರಣೆ ಬಂದಾಗ ಏನಾಯಿತು ಎಂದು ಕೇಳಬಹುದು. ದೇವರಾಜ ಅರಸರ ಕಾಲದ 1974ರ ತಿದ್ದುಪಡಿ ಈ ಜಿಲ್ಲೆಯ ಗೇಣಿದಾರರ ಬದುಕನ್ನೇ ಬದಲಿಸಿತು, ಅದು ಚರಿತ್ರೆ. ಉಳುವವನೇ ಒಡೆಯ ಎಂಬ ಮಾತಿನಲ್ಲಿ ಉಳುವವನು ಅಂದರೆ ಗೇಣಿ ಕೊಡುವವನು. ಗೇಣಿದಾರನ ಗದ್ದೆಯಲ್ಲಿ ನಿಜವಾಗಿ ಕೆಸರು ತುಳಿದ ಮಜೂರಿಯವನು ಆ ಮಾತಿನ ಹೊರಗೇ ನಿಂತ.

ಹಾಗಾದರೆ ಪ್ರಭುತ್ವ ಕೆಟ್ಟದ್ದು, ಊರು ಒಳ್ಳೆಯದು, ಕಾಡು ಎಲ್ಲರದು ಎಂದು ಹೇಳಿ ಮುಗಿಸಿಬಿಡಬಹುದೆ? ನಮ್ಮ ಪರಿಸರವಾದಿ ಗೆಳೆಯರು ಹೆಚ್ಚಾಗಿ ಅಲ್ಲಿಗೆ ಬಂದು ನಿಲ್ಲುತ್ತಾರೆ. 1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲೂಕಿನ ಸಾಲ್ಕಣಿ ಕಡೆಯವರು ಮರ ಅಪ್ಪಿಕೊಂಡು ನಿಂತದ್ದು, ಅಪ್ಪಿಕೋ ಚಳವಳಿ ಹಬ್ಬಿದ್ದು ನಾಡಿಗೆ ಹೆಮ್ಮೆಯ ವಿಷಯವೇ. ಕಾಡು ಕಡಿಯುವುದನ್ನು ನಿಲ್ಲಿಸಿದ ಗೌರವ ಅದಕ್ಕೆ ಸಲ್ಲಬೇಕು. ಆದರೆ ಅದೇ ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟಿಗರಿಗೆ ಬ್ರಿಟಿಷರ ಕಾಲದಿಂದ ಸೊಪ್ಪಿನ ಬೆಟ್ಟದ ಸವಲತ್ತು ಇದೆ. ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆಯ ತನಕ ಬೆಟ್ಟ. ಸೊಪ್ಪು, ದರಕು, ಕಟ್ಟಿಗೆ ಎಲ್ಲ ಅದರಿಂದ. ಅದನ್ನು ಯಾರೂ ಅತಿಕ್ರಮಣ ಅನ್ನುವುದಿಲ್ಲ. ತೋಟವಿಲ್ಲದವನಿಗೆ ಬೆಟ್ಟವೂ ಇಲ್ಲ. ಇದ್ದವನಿಗೆ ಒಂದಕ್ಕೆ ಒಂಬತ್ತು, ಇಲ್ಲದವನಿಗೆ ಸೊನ್ನೆಗೆ ಸೊನ್ನೆ. ಗಣಿತ ಸರಿಯಾಗಿಯೇ ಇದೆ! ‘ಎಲ್ಲರ ಕಾಡು’ ಎಂಬ ಸುಂದರ ಮಾತಿನ ಒಳಗೆ ಇಂಥ ಗುಣಾಕಾರ ಅಡಗಿರುತ್ತದೆ.

ಅಂಬೇಡ್ಕರ್ 1948ರ ನವೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಹಳ್ಳಿಯ ಆರಾಧಕರನ್ನು ನಿಷ್ಠುರವಾಗಿ ಟೀಕಿಸಿದ್ದನ್ನು ಮರೆಯುವ ಹಾಗಿಲ್ಲ. ಹಳ್ಳಿಯ ‘ಸಮುದಾಯ’ ಕೇರಿಯವನಿಗೆ ಬಾವಿಯ ಹತ್ತಿರ ಬರಬೇಡ ಎಂದ ಸಮುದಾಯವೇ. ಹಾಗಾಗಿಯೇ ದಾಂಡೇಲಿಯ ಗಿರಣಿಯನ್ನು ನಾನು ಒಂದೇ ಕಣ್ಣಿನಿಂದ ನೋಡಲಾರೆ. ಬಿದಿರಿನ ಲೆಕ್ಕದಲ್ಲಿ ಅದು ಮಾಡಿದ್ದು ಅನ್ಯಾಯ, ಕಾಳಿಯ ನೀರಿಗೆ ಸೇರಿದ ಅದರ ಹೊಲಸಿನ ಬಗ್ಗೆ ದಶಕಗಳ ದೂರಿದೆ. ಆದರೆ ಧಾರವಾಡ, ಬೆಳಗಾವಿ ಕಡೆಯಿಂದ, ಆಂಧ್ರದ ಕಡೆಯಿಂದ ಹೊಟ್ಟೆ ಕಟ್ಟಿಕೊಂಡು ಬಂದ ಎಷ್ಟೋ ದಲಿತ ಕುಟುಂಬಗಳಿಗೆ ದಾಂಡೇಲಿ ಗೌಡನಿಲ್ಲದ ಊರಾಗಿ ಸಿಕ್ಕಿತು. ಪಾಳಿಯ ಸೈರನ್ನು ಎಲ್ಲರಿಗೂ ಒಂದೇ. ಪಗಾರದ ದಿನ ಕೈಚಾಚಿದರೆ ಮೇಲಿಂದ ಎಸೆಯುವವರಿಲ್ಲ. ಆ ಪಗಾರ ಪೂರಾ ಸ್ವಂತದ ಲಾಭ. ಮಗನನ್ನು ಕಾಲೇಜಿಗೆ ಕಳಿಸಿದ್ದು, ಮಗಳಿಗೆ ನರ್ಸಿಂಗ್ ಓದಿಸಿದ್ದು ಆ ಲಾಭವೇ. ಇದನ್ನು ಸ್ವಾರ್ಥ ಅನ್ನುವ ಹಕ್ಕು ಯಾವ ಸಮಷ್ಟಿವಾದಿಗೂ ಇಲ್ಲ. ದಲಿತ ಆತ್ಮಕಥೆಗಳಲ್ಲಿ ಬರುವ ಮೊದಲ ಸಂಬಳದ ಸಂತೋಷವನ್ನು ‘ಮಧ್ಯಮವರ್ಗದ ಹಂಬಲ’ ಎಂದು ಮೂಗು ಮುರಿಯುವ ವಿಮರ್ಶೆ ನಮ್ಮಲ್ಲಿದೆ. ಆ ವಿಮರ್ಶಕನ ಸಂಬಳ ತಿಂಗಳ ಮೊದಲ ತಾರೀಖಿಗೆ ಬರುತ್ತಿರುತ್ತದೆ.

ಮುಂಡಗೋಡಕ್ಕೆ ಬರೋಣ. 1966ರಲ್ಲಿ ಇಲ್ಲಿ ಟಿಬೆಟಿನ ನಿರಾಶ್ರಿತರಿಗೆ ಸುಮಾರು 4000 ಎಕರೆ ಕೊಟ್ಟರು. ಕಾಡು ಕಡಿದು ನೆಲ ಹದಮಾಡಿದ್ದು ಅವರ ಬೆವರು. ಗಂದೆನ್, ದ್ರೆಪುಂಗ್ ಮಠಗಳು ಎದ್ದವು, ಶಾಲೆ, ಆಸ್ಪತ್ರೆ ಬಂದವು, ಸಹಕಾರಿ ಸಂಘ ಬಂತು. ದೇಶ ಕಳೆದುಕೊಂಡವರಿಗೆ ನೆಲ ಕೊಟ್ಟದ್ದರಲ್ಲಿ ತಪ್ಪು ಹುಡುಕುವ ಸಣ್ಣತನ ಯಾರಿಗೂ ಬೇಡ. ಅವರನ್ನು ತೋರಿಸಿ ನಮ್ಮವರನ್ನು ಎತ್ತಿಕಟ್ಟುವ ರಾಜಕೀಯವೂ ಬೇಡ. ನನ್ನ ಆಸಕ್ತಿ ಬೇರೆ. ಭೂಮಿ ಇಲ್ಲ, ಕಾಡು ಮುಟ್ಟುವ ಹಾಗಿಲ್ಲ ಅಂತ ಸಿದ್ದಿಗಳಿಗೆ, ಗೌಳಿವಾಡಾದವರಿಗೆ, ಕೇರಿಯವರಿಗೆ ಹೇಳುತ್ತಲೇ ಬಂದ ಪ್ರಭುತ್ವ, ಮನಸ್ಸು ಮಾಡಿದರೆ ಸಾವಿರಾರು ಎಕರೆ ಕೊಡಬಲ್ಲದು. ಇನ್ನೊಂದು, ಆ ನೆಲ ಒಟ್ಟಾಗಿ ಬಂತು, ಸಂಘದ ಮೂಲಕ ನಡೆಯಿತು. ಒಂದೊಂದು ಮನೆ ಒಂದೊಂದು ಅರ್ಜಿ ಹಿಡಿದು ತಹಶೀಲ್ದಾರರ ಕಚೇರಿಯ ಕಟ್ಟೆ ಮೇಲೆ ಕೂರಬೇಕಾಗಿ ಬರಲಿಲ್ಲ. ಸುತ್ತಲಿನ ಸಿದ್ದಿಗಳು ಆ ಹೊಲಗಳಿಗೆ ಕೂಲಿಗೆ ಹೋದರು.

ಈ ‘ಒಂದೊಂದು ಮನೆ, ಒಂದೊಂದು ಅರ್ಜಿ’ ಎನ್ನುವುದರಲ್ಲೇ ಇವತ್ತಿನ ನಮ್ಮ ಬಿಕ್ಕಟ್ಟು ಇದೆ. ಹೊರಗಿನವರ ಸ್ವಾರ್ಥದ ಬಗ್ಗೆ ಬರೆಯುವುದು ಸುಲಭ. ಒಳಗಿನದನ್ನೂ ಆಡಬೇಕು.

2006ರ ಅರಣ್ಯ ಹಕ್ಕು ಕಾಯ್ದೆ ಒಂದು ದೊಡ್ಡ ಮಾತು ಹೇಳಿತು. ಕಾಡಿನವರಿಗೆ ಚರಿತ್ರೆ ಮಾಡಿದ ಅನ್ಯಾಯ ಸರಿಪಡಿಸಬೇಕು ಎಂದಿತು. ಅದರಲ್ಲೇ ಒಂದು ಗೆರೆಯನ್ನೂ ಎಳೆಯಿತು. ಪರಿಶಿಷ್ಟ ಪಂಗಡದವನಾದರೆ 13 ಡಿಸೆಂಬರ್ 2005ಕ್ಕೆ ಮೊದಲು ಸಾಗು ಮಾಡುತ್ತಿದ್ದೆ ಎಂದು ತೋರಿಸಿದರೆ ಸಾಕು. ಇತರರಾದರೆ ಮೂರು ತಲೆಮಾರು, ಅಂದರೆ 75 ವರ್ಷ ಅಲ್ಲೇ ಇದ್ದೆವು ಎಂದು ತೋರಿಸಬೇಕು. ಸಿದ್ದಿಗಳು 2003ರಲ್ಲಿ ಪಂಗಡದ ಪಟ್ಟಿಗೆ ಸೇರಿದರು, ಅದೂ ಉತ್ತರ ಕನ್ನಡದವರು ಮಾತ್ರ. ಗಡಿ ದಾಟಿದರೆ ಧಾರವಾಡ, ಬೆಳಗಾವಿಯ ಸಿದ್ದಿ ಸಿದ್ದಿಯಲ್ಲ! ಅದನ್ನು ಸರಿಮಾಡಿದ್ದು 2020ರಲ್ಲಿ. ಜೋಯಿಡಾದ ಕುಣಬಿಗಳು ಗೋವಾದ ಕುಣಬಿಗಳಿಗೆ ಸಿಕ್ಕ ಸ್ಥಾನ ತಮಗೂ ಸಿಗಲಿ ಅಂತ ದಶಕಗಳಿಂದ ಕೇಳುತ್ತ ಬಂದಿದ್ದಾರೆ. ದಲಿತನೋ, ಪರಿಶಿಷ್ಟ ಜಾತಿಯವನು, ಹಾಗಾಗಿ ಕಾಡಿನ ಲೆಕ್ಕದಲ್ಲಿ ‘ಇತರ’. ಅಪ್ಪನ ಕಾಲದಲ್ಲಿ ಅಕ್ಷರವೇ ಮುಟ್ಟಗೊಡದ ಊರಿನಲ್ಲಿ ಅಜ್ಜನ ಕಾಲದ ಕಾಗದ ತಾ ಎಂದರೆ ಎಲ್ಲಿಂದ ತರಬೇಕು? ಕಾಯ್ದೆ ಹಿರಿಯರ ಹೇಳಿಕೆಯನ್ನೂ ಸಾಕ್ಷಿಯಾಗಿ ಒಪ್ಪುತ್ತದೆ. ಕಚೇರಿಯವರು ಕೇಳುವುದು ಕಾಗದವನ್ನೇ.

ಪರಿಣಾಮ, ಒಂದೇ ಹಳ್ಳದ ನೀರು ಕುಡಿಯುವ ಎರಡು ಮನೆಗಳಲ್ಲಿ ಒಂದಕ್ಕೆ ಹಕ್ಕುಪತ್ರ, ಇನ್ನೊಂದಕ್ಕೆ ನೋಟೀಸು. ಸಿಕ್ಕಿದವನು ನನ್ನದು ಆಯಿತು ಎಂದು ಸಭೆಗೆ ಬರುವುದು ಬಿಡುತ್ತಾನೆ. ಸಿಗದವನು, ಅವನಿಗೆ ಸಿಕ್ಕಿತಲ್ಲ ಅಂತ ಮುನಿಸಿಕೊಳ್ಳುತ್ತಾನೆ. ಇದನ್ನು ನೋಡಿ ಸಂಘಟಕರು ‘ನಮ್ಮ ಜನ ಸ್ವಾರ್ಥಿಗಳಾಗಿದ್ದಾರೆ’ ಎಂದು ಭಾಷಣ ಮಾಡುತ್ತಾರೆ. ನನಗೆ ಈ ಭಾಷಣ ಒಪ್ಪಿಗೆಯಾಗುವುದಿಲ್ಲ. ಪಟ್ಟಿ ಮಾಡಿ ಬೇಲಿ ಹಾಕಿದವನು ಒಬ್ಬ, ಬೇಲಿಯ ಎರಡೂ ಕಡೆ ಬೈಸಿಕೊಳ್ಳುವವರು ಇನ್ನೊಬ್ಬರು.

ದಲಿತ ಸಂಘರ್ಷ ಸಮಿತಿಯ ಒಡಕಿನ ಬಗ್ಗೆಯೂ ಇದೇ ಸೋಮಾರಿ ವಿವರಣೆ ಚಾಲ್ತಿಯಲ್ಲಿದೆ. ನಾಯಕರ ಸ್ವಾರ್ಥ ಅಂದರೆ ಎಲ್ಲ ಹೇಳಿದ ಹಾಗಾಯಿತು ಎಂದು ತಿಳಿಯುತ್ತಾರೆ. ಸ್ವಂತದ ಹಣವಿಲ್ಲದ, ಸಂಬಳದವರ ಚಂದಾ ಮತ್ತು ಕೆಲಸವಿಲ್ಲದ ಹುಡುಗರ ಕಾಲ್ನಡಿಗೆಯ ಮೇಲೆ ನಿಂತ ಚಳವಳಿಯೊಂದಕ್ಕೆ ಅಧಿಕಾರದ ಬಾಗಿಲು ಒಂದು ಗೇಣು ತೆರೆದರೆ ಏನಾಗುತ್ತದೆ ಎಂಬ ಕತೆಯನ್ನು ಯಾರೂ ಸರಿಯಾಗಿ ಬರೆದಿಲ್ಲ. 2020ರಲ್ಲಿ ಶಾಂತಾರಾಮ ಸಿದ್ದಿಯವರನ್ನು ವಿಧಾನ ಪರಿಷತ್ತಿಗೆ ನಾಮಕರಣ ಮಾಡಿದಾಗ, ಸಿದ್ದಿ ಸಮುದಾಯದಿಂದ ಮೊದಲ ಬಾರಿಗೆ ಒಬ್ಬರು ಆ ಸದನದಲ್ಲಿ ಕೂತರು. ಮರುದಿನದಿಂದಲೇ ಪ್ರಶ್ನೆ: ಸಮುದಾಯಕ್ಕೆ ಏನು ಮಾಡಿದರು? ಕೇಳಬೇಕಾದ ಪ್ರಶ್ನೆಯೇ. ಆದರೆ ಮೇಲ್ಜಾತಿಯ ಶಾಸಕನಿಗೆ ಈ ಪ್ರಶ್ನೆ ಬರುವುದಿಲ್ಲ, ಅವನು ಹುಟ್ಟುತ್ತಲೇ ‘ಕ್ಷೇತ್ರದ ಪ್ರತಿನಿಧಿ’. ನಮ್ಮವನು ಮಾತ್ರ ತನ್ನ ಜಾತಿಯ ಮುನೀಮ. ಹಾಗಂತ ನಮ್ಮವರನ್ನು ಪ್ರಶ್ನೆಯಿಂದ ಬಿಟ್ಟುಬಿಡಿ ಎಂದು ಹೇಳುತ್ತಿಲ್ಲ. 1956ರ ಮಾರ್ಚಿನಲ್ಲಿ ಆಗ್ರಾದಲ್ಲಿ ಅಂಬೇಡ್ಕರ್ ಓದಿದವರ ಬಗ್ಗೆ ಆಡಿದ ನೋವಿನ ಮಾತು ನಮ್ಮ ಎಲ್ಲ ಅಧ್ಯಯನ ಶಿಬಿರಗಳಲ್ಲೂ ಕೇಳಿಬರುತ್ತದೆ. ಅದನ್ನು ಹೇಳುವಾಗ ಅವರೇ 1947ರಲ್ಲಿ ಬರೆದ ‘ರಾಜ್ಯಗಳು ಮತ್ತು ಅಲ್ಪಸಂಖ್ಯಾತರು’ ಎಂಬುದನ್ನು ಮರೆಯುತ್ತೇವೆ. ಬೈಗುಳ ನೆನಪಿರುತ್ತದೆ, ಯೋಜನೆ ನೆನಪಿರುವುದಿಲ್ಲ.

ಆ ಯೋಜನೆ ಏನು? ಬೇಸಾಯದ ಭೂಮಿ ಎಲ್ಲ ಪ್ರಭುತ್ವದ ಒಡೆತನಕ್ಕೆ ಬರಬೇಕು, ಅದನ್ನು ಜಾತಿಭೇದವಿಲ್ಲದೆ ಊರಿನವರಿಗೆ ಒಟ್ಟಾಗಿ ಸಾಗು ಮಾಡಲು ಕೊಡಬೇಕು. ಧಣಿ ಇರಬಾರದು, ಗೇಣಿದಾರನಿರಬಾರದು, ಭೂಮಿ ಇಲ್ಲದ ಕೂಲಿಯವನೂ ಇರಬಾರದು. ಗಮನಿಸಿ, ಇದು ಹಳೆಯ ಊರಿನ ಸಮಷ್ಟಿ ಅಲ್ಲ, ಆ ಊರನ್ನು ಮುರಿದು ಕಟ್ಟುವ ಸಮಷ್ಟಿ. ಇನ್ನೊಂದು ಕಡೆ, ತುಂಡು ಪಟ್ಟಾದ ಹಂಚಿಕೆಯೂ ಅಲ್ಲ. ಸ್ವಂತಕ್ಕೂ ಎಲ್ಲರಿಗೂ ನಡುವೆ ಒಂದನ್ನು ಆರಿಸು ಎಂದು ಅಂಬೇಡ್ಕರ್ ಕೇಳಲಿಲ್ಲ. ಹಕ್ಕು ಪ್ರತಿಯೊಬ್ಬನಿಗೂ ಇರಬೇಕು, ಹೊಲ ಒಟ್ಟಿಗೆ ಇರಬೇಕು. ಅದು ಸಂವಿಧಾನದೊಳಗೆ ಬರಲಿಲ್ಲ. ಯಾಕೆ ಬರಲಿಲ್ಲ ಅನ್ನುವುದಕ್ಕೆ ಸಂವಿಧಾನ ಸಭೆಯಲ್ಲಿ ಎಷ್ಟು ಮಂದಿ ಭೂಮಾಲೀಕರಿದ್ದರು ಎಂದು ನೋಡಿಕೊಂಡರೆ ಸಾಕು.

ಇಂಥ ಸಮಷ್ಟಿಯ ಚಿತ್ರ ಕನ್ನಡ ಕಥನದಲ್ಲಿ ಎಲ್ಲಿದೆ ಎಂದು ಹುಡುಕಿದರೆ ನನಗೆ ಸಿಗುವುದು ಒಂದೇ ರಾತ್ರಿ. ದೇವನೂರ ಮಹಾದೇವರ ‘ಒಡಲಾಳ’ದ ರಾತ್ರಿ. ಸಾಹುಕಾರನ ಕಡಲೆಕಾಯಿ ಮೂಟೆ ಸಾಕವ್ವನ ಮನೆಗೆ ಬಂದು ಬೀಳುತ್ತದೆ. ಕಳವಿನ ಮಾಲು. ಮನೆಮಂದಿಯೆಲ್ಲ ಒಲೆಯ ಸುತ್ತ ಕೂತು, ಬೆಳಗಾಗುವುದರೊಳಗೆ, ಸಿಪ್ಪೆಯ ಗುರುತೂ ಉಳಿಯದ ಹಾಗೆ ತಿಂದು ಮುಗಿಸುತ್ತಾರೆ. ಆಮೇಲೆ ಪೊಲೀಸರು ಬರುತ್ತಾರೆ. ಹಸಿವಿನ ಕತೆ ಅಂತ ಇದನ್ನು ಎಲ್ಲರೂ ಓದಿದ್ದಾರೆ. ನಾನು ಪಾಲಿನ ಕತೆ ಎಂದು ಓದುತ್ತೇನೆ. ಆ ಮನೆಯಲ್ಲಿ ಹಗಲೆಲ್ಲ ಜಗಳವಿದೆ, ಮುನಿಸಿದೆ, ತನ್ನ ಹುಂಜ ಹೋಯಿತು ಎಂದು ಸಾಕವ್ವ ಕೇರಿಯನ್ನೇ ಜಾಲಾಡುತ್ತಾಳೆ. ಯಾರೂ ತ್ಯಾಗಿಗಳಲ್ಲ. ಆದರೂ ಆ ರಾತ್ರಿ ಯಾರೂ ಮೂಟೆಯಿಂದ ತನ್ನ ಪಾಲು ಎತ್ತಿ ಬಚ್ಚಿಡುವುದಿಲ್ಲ. ಬಚ್ಚಿಟ್ಟರೆ ಸಾಕ್ಷಿಯಾಗುತ್ತದೆ! ಒಬ್ಬ ಹೆಚ್ಚು ಉಳಿಸಿಕೊಂಡರೆ ಎಲ್ಲರೂ ಸಿಕ್ಕಿಬೀಳುತ್ತಾರೆ. ನೀತಿಬೋಧೆಯಿಂದ ಹುಟ್ಟಿದ ಹಂಚಿಕೆಯಲ್ಲ ಇದು. ಒಬ್ಬೊಬ್ಬನ ಹೊಟ್ಟೆಯ ಹಿತವೇ ಎಲ್ಲರ ಹಿತವೂ ಆಗಿ ಕೂಡಿಬಂದದ್ದು. ಪ್ರಭುತ್ವದ ಕಣ್ಣಲ್ಲಿ ಅದು ಕಳವು, ಗಿರಣಿಗೆ ಒಂದೂವರೆ ರೂಪಾಯಿಗೆ ಹೋದ ಬಿದಿರು ಒಪ್ಪಂದ.

ದಲಿತ ವಿಮರ್ಶೆ ಈ ಎರಡನ್ನೂ ಪಕ್ಕಪಕ್ಕ ಇಟ್ಟು ಓದಬೇಕು. ಬರೀ ಒಡಲಾಳವನ್ನು ಓದಿದರೆ ಕರುಣೆ ಬರುತ್ತದೆ, ಬರೀ ಒಪ್ಪಂದವನ್ನು ಓದಿದರೆ ಅರ್ಥಶಾಸ್ತ್ರ ಬರುತ್ತದೆ. ಎರಡೂ ಅಚ್ಚಾಗುವುದು ಕಾಗದದ ಮೇಲೆ. ಕನ್ನಡದ ಎಷ್ಟು ಕವಿತೆ, ಎಷ್ಟು ಪಠ್ಯ, ಎಷ್ಟು ಕರಪತ್ರ ದಾಂಡೇಲಿಯ ಬಿದಿರಿನ ಮೇಲೆ ಅಚ್ಚಾದವೋ.

ಮತ್ತೆ ಕಾಯ್ದೆಯ ಹತ್ತಿರ ಬಂದರೆ, ಅದಕ್ಕೆ ನಮೂನೆಗಳಿವೆ. ಒಬ್ಬೊಬ್ಬನ ಹಕ್ಕಿಗೆ ‘ಎ’, ಸಮುದಾಯದ ಹಕ್ಕಿಗೆ ‘ಬಿ’, ಊರಿನ ಕಾಡನ್ನು ಊರೇ ನೋಡಿಕೊಳ್ಳುವ ಹಕ್ಕಿಗೆ ‘ಸಿ’. ‘ಎ’ ನಮೂನೆಗಳ ರಾಶಿಯ ಪಕ್ಕದಲ್ಲಿ ‘ಬಿ’, ‘ಸಿ’ಗಳದು ಸಣ್ಣ ಗುಡ್ಡೆ. ಬಿದಿರು ಈ ಕಾಯ್ದೆಯ ಪ್ರಕಾರ ಕಿರು ಅರಣ್ಯ ಉತ್ಪನ್ನ, ಸಮುದಾಯದ ಹಕ್ಕಿನೊಳಗೆ ಬರುವ ವಸ್ತು. 2007ರಲ್ಲಿ ಹುಲಿ ರಕ್ಷಿತಾರಣ್ಯವಾಗಿ, 2015ರಿಂದ ಕಾಳಿ ಎಂಬ ಹೆಸರಿನಲ್ಲಿ ನಡೆಯುತ್ತಿರುವ ಕಾಡಿನ ಒಳಗೂ ಅಂಚಿನಲ್ಲೂ ಇರುವ ಹಳ್ಳಿಗಳಿಗೆ, ಎಬ್ಬಿಸುವ ಮಾತು ಬಂದಾಗ ಎದುರು ಇಡಬಹುದಾದ ಕಾಗದ ಆ ‘ಬಿ’ ಮತ್ತು ‘ಸಿ’ಯೇ. ಒಂದು ಮಜರೆಯಲ್ಲಿ ಸಿದ್ದಿ, ಕುಣಬಿ, ಗೌಳಿ, ದಲಿತ ಮನೆಗಳಿದ್ದರೆ ನಾಲ್ಕೂ ಕಡೆಯವರು ಒಂದೇ ಗ್ರಾಮಸಭೆಯಲ್ಲಿ ಕೂತು, ಯಾವ ಹಳ್ಳದಿಂದ ಯಾವ ಗುಡ್ಡದ ತನಕ ತಮ್ಮದು ಎಂದು ಹೇಳಬೇಕು. ಅದರಲ್ಲಿ ಮೇದಾರನಿಗೆ ಗಳ ಎಷ್ಟು, ಗೌಳಿಯ ಎಮ್ಮೆಗೆ ದಾರಿ ಎಲ್ಲಿ, ದಲಿತನ ಮನೆ ಮೊದಲ ಸಾಲಿನಲ್ಲಿ ಬರುತ್ತದೋ ಕಡೆಯಲ್ಲಿ ಬರುತ್ತದೋ ಎಂಬ ಜಗಳ ಆಗಿಯೇ ಆಗುತ್ತದೆ. ಆಗಲಿ. ಆ ಜಗಳದ ನಡಾವಳಿ ಬರೆಯಲಿಕ್ಕೆ ನಮ್ಮ ಓದಿದ ಹುಡುಗ ಹುಡುಗಿಯರು ಈ ನಾಲ್ಕು ತಾಲೂಕಿನ ಮಜರೆಗಳಲ್ಲಿ ಹೋಗಿ ಕೂರಬೇಕಾಗಿದೆ.